ಬುತ್ತಿ ಕಟ್ಟಿಕೊಂಡ ಪುಟ

ಓಲೆಗರಿಯ ಕಟ್ಟನ್ನು ಬಿಚ್ಚಲು ದಾರವನ್ನು ಸಡಿಲಿಸಿದರೆ ಸಾಕು. ಅಚ್ಚಾದ ಪುಸ್ತಕವನ್ನು ತೆರೆಯಲು ಎರಡು ಬೆರಳು ಸಾಕು. ಅಕ್ಷರ ಬಲ್ಲವನಿಗೂ ಪುಟಕ್ಕೂ ನಡುವೆ ಮೂರನೆಯವರು ಯಾರೂ ಬೇಕಾಗಿಲ್ಲ. ಗಣಕಯಂತ್ರದೊಳಗಿನ ಪುಸ್ತಕದ ರೀತಿಯೇ ಬೇರೆ. ಅದು ಅಲ್ಲಿ ಅಂಕಿಗಳ ಸಾಲಾಗಿ ಮುದುಡಿ ಕುಳಿತಿರುತ್ತದೆ. ಆ ಅಂಕಿಗಳ ಅರ್ಥವನ್ನು ತಿಳಿದು, ಪರದೆಯ ಮೇಲೆ ಪುಟವಾಗಿ ಬಿಡಿಸಿ ತೋರಿಸುವುದಕ್ಕೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯನ್ನೇ ಓದುಗ ತಂತ್ರಾಂಶ ಎಂದು ಕರೆಯುತ್ತಾರೆ. ಈ ದುಭಾಷಿಯ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದನ್ನು ಸಾಗರ ಸೀಮೆಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತರು.

ಮೇಷ್ಟರು 34 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಒಂದು ಹುಚ್ಚು ಹಿಡಿಯಿತು. ಅಡಕೆ ತೋಟದ ಕೆಲಸಗಾರರು ಆಡುವ ಮಾತುಗಳನ್ನು ಒಂದೊಂದಾಗಿ ಚೀಟಿಗಳಲ್ಲಿ ಬರೆದಿಡತೊಡಗಿದರು. ಮಳೆಯಲ್ಲಿ ತಲೆಯನ್ನೂ ಬೆನ್ನನ್ನೂ ಕಾಯುವ ಗೊರಬು, ಗೊನೆಗೆ ಕೊಳೆರೋಗ ತಾಗದಂತೆ ಕಟ್ಟುವ ಕೊಟ್ಟೆ, ಅಡಕೆ ಸುಲಿಯುವ ಮೆಟ್ಟುಗತ್ತಿ, ಬೇಯಿಸಿದ ಅಡಕೆಗೆ ಬಣ್ಣ ಕೊಡುವ ಚೊಗರು—ಹೀಗೆ ಹನ್ನೊಂದು ವರ್ಷಗಳಲ್ಲಿ 1,600 ಪದಗಳು ಕೂಡಿದವು. ಪ್ಲಾಸ್ಟಿಕ್ಕಿನ ಹೊದಿಕೆ ಬಂದ ಮೇಲೆ ಗೊರಬನ್ನು ಹೆಣೆಯುವವರು ವಿರಳರಾದರು. ವಸ್ತು ಮರೆಯಾದರೆ ಅದರ ಹೆಸರೂ ಒಂದು ತಲೆಮಾರಿನೊಳಗೆ ಮರೆಯಾಗುತ್ತದೆ. ಆದ್ದರಿಂದ ಮೇಷ್ಟರಿಗೆ ಆತುರವಿತ್ತು. ಮಗಳು ತಂದುಕೊಟ್ಟ ಹಳೆಯ ಗಣಕಯಂತ್ರದಲ್ಲಿ ಅವರು ಚೀಟಿಗಳನ್ನೆಲ್ಲ ಬೆರಳಚ್ಚಿಸಿದರು.

2012ರ ಮಳೆಗಾಲದಲ್ಲಿ ಧಾರವಾಡದ ಸ್ನೇಹಿತರೊಬ್ಬರು ಮಿಂಚಂಚೆಯಲ್ಲಿ ಅವರಿಗೊಂದು ಕೊಂಡಿಯನ್ನು ಕಳುಹಿಸಿದರು. ಅದು ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಪದಗಳ ಆ ಬೃಹದ್ಗ್ರಂಥದ ಪುಟಪುಟವನ್ನೂ ಯಂತ್ರದಿಂದ ಚಿತ್ರ ತೆಗೆದು ಒಂದೇ ಕಡತವಾಗಿ ಮಾಡಿದ್ದರು. ಎಂ.ಎ. ಓದುವಾಗ ಮೇಷ್ಟರು ಅದನ್ನು ಗ್ರಂಥಾಲಯದ ಮೇಜಿನ ಮೇಲೆ ಮಾತ್ರ ನೋಡಿದ್ದರು. ಮನೆಗೆ ಒಯ್ಯಲು ಅಪ್ಪಣೆಯಿರಲಿಲ್ಲ. ಈಗ ಅದು ಮನೆಗೇ ಬಂದಿತ್ತು. ಆದರೆ ಕಡತದ ಮೇಲೆ ಎಷ್ಟು ಸಲ ಒತ್ತಿದರೂ, ಇದನ್ನು ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಯಂತ್ರವೇ ಅವರನ್ನು ಕೇಳುತ್ತಿತ್ತು. ಬಾಗಿಲವರೆಗೆ ಬಂದ ಅತಿಥಿಯ ಭಾಷೆ ಮನೆಯಲ್ಲಿ ಯಾರಿಗೂ ತಿಳಿಯದಂತಾಯಿತು.

ಮೇಷ್ಟರು ತಾವೇ ದುಭಾಷಿಯನ್ನು ಹುಡುಕಲು ಹೊರಟರು. ಅಂತರ್ಜಾಲದಲ್ಲಿ ಒಂದು ತಾಣ ಸಿಕ್ಕಿತು. ಅಲ್ಲಿ ಅಂಗೈ ಅಗಲದ ಹಸಿರು ಗುಂಡಿಯೊಂದು ಹೊಳೆಯುತ್ತಿತ್ತು. ಅದನ್ನು ಒತ್ತಿದರು. ಒಂದರ ಹಿಂದೊಂದು ಫಲಕ ಬಂದಿತು. ಪ್ರತಿಯೊಂದರಲ್ಲೂ ಸಣ್ಣ ಅಕ್ಷರದ ಬರಹ, ಕೆಳಗೆ ‘ಮುಂದೆ’ ಎಂಬ ಗುಂಡಿ. ಅವರು ಬರಹವನ್ನು ಓದದೆ ‘ಮುಂದೆ’ ಎಂಬುದನ್ನೇ ಒತ್ತುತ್ತ ಹೋದರು. ಕೊನೆಗೆ ನಿಘಂಟು ತೆರೆಯಲಿಲ್ಲ. ಅದರ ಬದಲು ಪರದೆಯ ತುಂಬ ಜಾಹೀರಾತುಗಳು ಹುಟ್ಟಿಕೊಂಡವು. ಯಂತ್ರವು ಏರುದಾರಿಯ ಎತ್ತಿನಗಾಡಿಯಂತೆ ನಡೆಯತೊಡಗಿತು.

ದಸರಾ ರಜೆಗೆ ಮೊಮ್ಮಗಳು ಬಂದಳು. ಆಗ ಅವಳು ಒಂಬತ್ತನೆಯ ತರಗತಿಯಲ್ಲಿದ್ದಳು. ನಡೆದುದನ್ನು ಕೇಳಿ ನಕ್ಕಳು.

“ಅಜ್ಜ, ಓದದೆ ರುಜು ಹಾಕಬಾರದು ಎಂದು ತರಗತಿಯಲ್ಲಿ ನೀನೇ ಹೇಳುತ್ತಿದ್ದೆಯಂತೆ, ಅಮ್ಮ ಹೇಳಿದಳು. ಇಲ್ಲಿ ಏಳು ಸಲ ರುಜು ಹಾಕಿದ್ದೀಯಲ್ಲ!”

ಮೇಷ್ಟರಿಗೆ ನಾಚಿಕೆಯಾಯಿತು; ಆದರೆ ಪಾಠ ಮನಸ್ಸಿಗೆ ಹಿಡಿಯಿತು. ಮೊಮ್ಮಗಳು ಮೊದಲು ಬೇಡದ ತಂತ್ರಾಂಶಗಳನ್ನು ಕಿತ್ತುಹಾಕಿದಳು. ಅನಂತರ ಓದುಗ ತಂತ್ರಾಂಶವನ್ನು ತಯಾರಿಸಿದವರ ಸ್ವಂತ ತಾಣಕ್ಕೇ ಹೋಗಿ ಅದನ್ನು ಇಳಿಸಿಕೊಂಡಳು. ಪ್ರತಿಯೊಂದು ಫಲಕವನ್ನೂ ಅಜ್ಜನಿಂದಲೇ ಗಟ್ಟಿಯಾಗಿ ಓದಿಸಿದಳು. ‘ಇದರೊಡನೆ ಇನ್ನೊಂದನ್ನೂ ಅಳವಡಿಸಲೇ?’ ಎಂದು ಕೇಳುವ ಕಡೆ ಮೊದಲೇ ಹಾಕಿದ್ದ ಗುರುತನ್ನು ಅಳಿಸಿದಳು. ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಕಡತದ ಮೇಲೆ ಒತ್ತಿದೊಡನೆ ಕಿಟ್ಟೆಲರ ಮುಖಪುಟ ಪರದೆಯ ಮೇಲೆ ಅರಳಿತು. ಮೇಷ್ಟರು ಕನ್ನಡಕವನ್ನು ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಬಳಸಲು ಕಲಿಯುವುದು ಕಷ್ಟವೇನೂ ಆಗಲಿಲ್ಲ. ಪುಟವನ್ನು ದೊಡ್ಡದು ಮಾಡಿದರೆ, ಮುಪ್ಪಿನ ಕಣ್ಣಿಗೆ ಎಟುಕದ ಸಣ್ಣ ಅಕ್ಷರಗಳೂ ಎಟುಕುತ್ತಿದ್ದವು. ಬೇಕಾದ ಪುಟದ ಸಂಖ್ಯೆಯನ್ನು ಒತ್ತಿದರೆ ಅಲ್ಲಿಗೇ ಹಾರಬಹುದಾಗಿತ್ತು. ಆದರೆ ಮುನ್ನುಡಿಯ ಪುಟಗಳನ್ನೂ ತಂತ್ರಾಂಶವು ಎಣಿಸುತ್ತಿದ್ದುದರಿಂದ, ಅಚ್ಚಿನ ನೂರನೆಯ ಪುಟವೂ ಕಡತದ ನೂರನೆಯ ಪುಟವೂ ಒಂದೇ ಅಲ್ಲವೆಂಬುದನ್ನು ನೆನಪಿಡಬೇಕಾಗಿತ್ತು. ಒಂದು ಸಂಗತಿ ಮಾತ್ರ ಅವರಿಗೆ ಒಗಟಾಯಿತು. ಹುಡುಕುವ ಪೆಟ್ಟಿಗೆಯಲ್ಲಿ ಯಾವ ಪದವನ್ನು ಬರೆದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತಿತ್ತು. 70,000 ಪದಗಳ ನಿಘಂಟಿನಲ್ಲಿ ‘ಕನ್ನಡ’ ಎಂಬ ಪದವೂ ಇಲ್ಲವೇ?

“ಅದು ಬರಹವಲ್ಲ, ಬರಹದ ಚಿತ್ರ. ನಮಗೆ ಅಕ್ಷರ ಕಾಣುತ್ತದೆ, ಯಂತ್ರಕ್ಕೆ ಕಪ್ಪು ಬಿಳುಪಿನ ಚುಕ್ಕೆಗಳು ಮಾತ್ರ” ಎಂದಳು ಮೊಮ್ಮಗಳು. ಮೇಷ್ಟರು ತಲೆಯಾಡಿಸಿದರು. ಆ ಮಾತಿನ ಪೂರ್ಣಾರ್ಥ ಅವರಿಗೆ ತಿಳಿದದ್ದು ಮುಂದೆ.

ರಜೆ ಮುಗಿಯುವ ಮುನ್ನ ಅವರು ತಮ್ಮ ಪದಸಂಗ್ರಹವನ್ನು ಧಾರವಾಡದ ಸ್ನೇಹಿತರಿಗೆ ಕಳುಹಿಸಿದರು. ಮರುದಿನ ಉತ್ತರ ಬಂದಿತು: “ಇದೇನು ಕಳಿಸಿದ್ದೀರಿ? ಒಂದಕ್ಷರವೂ ತಿಳಿಯದು.” ಕನ್ನಡ ಎಂದು ಬರೆದಿದ್ದ ಕಡೆ ಅವರಿಗೆ ಕಂಡದ್ದು ‘ಪಿ’ ಎಂಬ ಇಂಗ್ಲಿಷ್ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೆರೆ ಹೊತ್ತ ‘ಎ’, ಆಮೇಲೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು. ಕಾರಣ ಹೀಗಿತ್ತು. ಮೇಷ್ಟರು ಬಳಸಿದ್ದು ಹಳೆಯ ಬಗೆಯ ಫಾಂಟು. ಅಂಥ ಫಾಂಟುಗಳು ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರದ ಆಕಾರಗಳನ್ನು ಕೂರಿಸಿರುತ್ತವೆ. ಅದೇ ಫಾಂಟು ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ.

ಇಂಥ ತೊಡಕು ಕನ್ನಡಕ್ಕೆ ಮಾತ್ರ ಬಂದದ್ದಲ್ಲ. ಒಂದು ಯಂತ್ರದಲ್ಲಿ ಅಂದವಾಗಿ ಸಿದ್ಧಪಡಿಸಿದ ಬರಹ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುವುದು ಎಲ್ಲ ದೇಶಗಳ ಕಷ್ಟವಾಗಿತ್ತು. ಅಮೆರಿಕದ ಜಾನ್ ವಾರ್ನಾಕ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರವನ್ನು ಯೋಚಿಸಿದರು. ಅವರೂ ಚಾರ್ಲ್ಸ್ ಗೆಶ್ಕೆ ಎಂಬುವರೂ ಸೇರಿ 1982ರಲ್ಲಿ ಅಡೋಬಿ ಸಂಸ್ಥೆಯನ್ನು ಕಟ್ಟಿದ್ದರು. ಯಾವ ಯಂತ್ರದಲ್ಲಿ ತೆರೆದರೂ ಪುಟವು ತನ್ನ ರೂಪವನ್ನು ಬಿಡಬಾರದೆಂಬ ಅವರ ಯೋಚನೆಯ ಫಲವಾಗಿ 1993ರಲ್ಲಿ ಪಿಡಿಎಫ್ ಎಂಬ ಕಡತದ ಬಗೆಯೂ ಅದನ್ನು ತೆರೆಯುವ ತಂತ್ರಾಂಶವೂ ಹೊರಬಂದವು. ಮೊದಲು ಓದುಗ ತಂತ್ರಾಂಶಕ್ಕೂ ಹಣ ತೆರಬೇಕಾಗಿತ್ತು. ಬಳಿಕ ಅದನ್ನು ಉಚಿತವಾಗಿ ಹಂಚಿದರು. ಬರೆಯುವವರು ಕೆಲವರು, ಓದುವವರು ಹಲವರು. ಓದುವವರ ದಾರಿಯಲ್ಲಿ ಸುಂಕದ ಕಟ್ಟೆ ಇರಬಾರದಷ್ಟೆ. 2008ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನಕವಾಯಿತು. ಸುಮಾತ್ರ, ಓಕ್ಯುಲರ್, ಎವಿನ್ಸ್ ಮೊದಲಾದ ಉಚಿತ ಓದುಗ ತಂತ್ರಾಂಶಗಳೂ ಬಳಕೆಯಲ್ಲಿವೆ.

ಪಿಡಿಎಫ್ ಕಡತದ ಗುಟ್ಟು ಸರಳವಾದುದು. ಹಿಂದೆ ದೂರದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಹೋದಲ್ಲಿ ಊಟ ಸಿಗುವುದೋ ಇಲ್ಲವೋ ಎಂಬ ಚಿಂತೆ ಅವರಿಗಿರಲಿಲ್ಲ. ಅದರಂತೆ ಈ ಕಡತವು ತನಗೆ ಬೇಕಾದ ಅಕ್ಷರದ ಆಕಾರಗಳನ್ನು ತನ್ನೊಳಗೇ ಕಟ್ಟಿಕೊಂಡು ಹೊರಡಬಲ್ಲದು. ಪುಟದ ಇಂಥ ಸ್ಥಾನದಲ್ಲಿ ಇಂಥ ಆಕಾರವನ್ನು ಬಿಡಿಸು ಎಂಬ ಆಜ್ಞೆಗಳೂ ಅದರಲ್ಲಿರುತ್ತವೆ. ಯಾವ ವಸ್ತು ಎಲ್ಲಿದೆ ಎಂದು ಹೇಳುವ ಸೂಚಿಯು ಸಾಮಾನ್ಯವಾಗಿ ಕಡತದ ಕೊನೆಯಲ್ಲಿರುತ್ತದೆ. ಆದ್ದರಿಂದ ಓದುಗ ತಂತ್ರಾಂಶವು ಕೊನೆಯನ್ನು ಮೊದಲು ನೋಡುತ್ತದೆ. ಕಡತವನ್ನು ಇಳಿಸಿಕೊಳ್ಳುವಾಗ ನಡುವೆ ಸಂಪರ್ಕ ಕಡಿದರೆ, ಆ ಸೂಚಿ ಬಂದಿರುವುದಿಲ್ಲ. ಕಡತ ಕೆಟ್ಟಿದೆಯೆಂದು ತಂತ್ರಾಂಶವು ಹೇಳುವುದಕ್ಕೆ ಇದೇ ಕಾರಣ.

ಮೊಮ್ಮಗಳು ಅಜ್ಜನ ಸಂಗ್ರಹವನ್ನು ಪಿಡಿಎಫ್ ಮಾಡಿ ಮತ್ತೆ ಕಳುಹಿಸಿದಳು. ಈ ಸಲ ಧಾರವಾಡದಲ್ಲಿಯೂ ಗೊರಬು ಗೊರಬಾಗಿಯೇ ಕಂಡಿತು. ಸ್ನೇಹಿತರು ಹೊಗಳಿದರು. ಮೇಷ್ಟರು ಉಬ್ಬಿದರು. ತಮ್ಮ ಕೆಲಸ ಮುಗಿಯಿತೆಂದು ತಿಳಿದು, ಹಳೆಯ ಶಿಷ್ಯರಿಗೆಲ್ಲ ಅದನ್ನು ಕಳುಹಿಸಿದರು.

ಆ ಶಿಷ್ಯರಲ್ಲಿ ಒಬ್ಬನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಅವನ ತಂದೆ ಅಡಕೆ ಮರವೇರಿ ಗೊನೆ ಇಳಿಸುವ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಶಿಷ್ಯನು ಮೈಸೂರಿನ ಕಚೇರಿಯೊಂದರಲ್ಲಿ ದೂರವಾಣಿ ವಿಭಾಗದಲ್ಲಿದ್ದ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವು ಅವನ ಯಂತ್ರದಲ್ಲಿತ್ತು. ಅದರ ಹೆಸರು ಎನ್‌ವಿಡಿಎ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಅದನ್ನು ಆರಂಭಿಸಿದ, ಅದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ.

ಒಂದು ಸಂಜೆ ಅವನು ದೂರವಾಣಿಯಲ್ಲಿ ಮಾತನಾಡಿದ.

“ಸರ್, ನೀವು ಕಳಿಸಿದ ಪುಸ್ತಕ ಬಂತು. ತೆರೆಯಿತು. ಆದರೆ ಅದು ಕನ್ನಡ ಮಾತಾಡಲಿಲ್ಲ. ಪಿ, ಎ, ಪೌಂಡ್ ಎಂದು ಏನೇನೋ ಹೇಳುತ್ತಿದೆ. ಅಪ್ಪ ಆಡುತ್ತಿದ್ದ ಮಾತುಗಳು ಅದರಲ್ಲಿವೆ ಎಂದು ಬರೆದಿದ್ದೀರಿ. ಒಂದು ಸಲ ಕೇಳಬೇಕಾಗಿತ್ತು.”

ಮೇಷ್ಟರು ಬಹಳ ಹೊತ್ತು ಸುಮ್ಮನೆ ಕುಳಿತರು. ತಾವು ಅಂದವಾದ ಪುಟವನ್ನು ಕಳುಹಿಸಿದ್ದರು. ಅದರೊಳಗೆ ಕನ್ನಡವನ್ನು ಕಳುಹಿಸಿರಲಿಲ್ಲ. ಬುತ್ತಿಯಲ್ಲಿ ಆಕಾರಗಳಿದ್ದವು, ಅಕ್ಷರಗಳಿರಲಿಲ್ಲ. ಕಣ್ಣಿಗೆ ಆಕಾರವೇ ಸಾಕು. ಕಿವಿಯಿಂದ ಓದುವವನಿಗೆ ಆಕಾರದ ಹಿಂದಿರುವ ಸಂಖ್ಯೆ ಸರಿಯಾಗಿರಬೇಕು. ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿಯೇ ಪ್ರಕಟವಾಗಿತ್ತು. ಅದರಲ್ಲಿ ‘ಕ’ ಎಂಬ ನಮ್ಮ ಅಕ್ಷರದ ಸಂಖ್ಯೆ 3221. ಆ ಸಂಖ್ಯೆ ಬೇರೆ ಯಾವ ಲಿಪಿಯ ಅಕ್ಷರಕ್ಕೂ ಸೇರಿದುದಲ್ಲ. ಮೇಷ್ಟರ ಸಂಗ್ರಹದಲ್ಲಿ ‘ಕ’ ಎಂಬುದು ಇಂಗ್ಲಿಷಿನ ‘ಪಿ’ಯ ಸಂಖ್ಯೆಯನ್ನು ಹೊತ್ತು ನಿಂತಿತ್ತು. ಹುಡುಕಿದರೆ ಸಿಗದ ಕಿಟ್ಟೆಲರ ಪುಟಕ್ಕೂ ಓದಿಸಿದರೆ ಮಾತಾಡದ ತಮ್ಮ ಪುಟಕ್ಕೂ ಇದ್ದ ನಂಟು ಅವರಿಗೆ ಆಗ ಹೊಳೆಯಿತು. ಎರಡೂ ಕಾಣುವ ಪುಟಗಳು. ಎರಡೂ ಯಂತ್ರಕ್ಕೆ ಓದಲು ಬಾರದ ಪುಟಗಳು.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶವನ್ನು ಮೊಮ್ಮಗಳು ದೂರವಾಣಿಯಲ್ಲಿಯೇ ತಿಳಿಸಿಕೊಟ್ಟಳು. ಮೇಷ್ಟರು ಅದನ್ನು ತಾವೇ ಅಳವಡಿಸಿಕೊಂಡರು, ಪ್ರತಿಯೊಂದು ಫಲಕವನ್ನೂ ಓದಿ. ಪರಿವರ್ತನೆ ಕ್ಷಣಾರ್ಧದಲ್ಲಿ ಆಯಿತು. ಆದರೆ ಹಲವು ಕಡೆ ಒತ್ತಕ್ಷರಗಳೂ ಅರ್ಕಾವತ್ತುಗಳೂ ಸ್ಥಾನ ತಪ್ಪಿದ್ದವು. 1,600 ಪದಗಳನ್ನೂ ಮೂಲ ಚೀಟಿಗಳೊಡನೆ ಹೋಲಿಸಿ ತಿದ್ದಲು ಎರಡು ತಿಂಗಳು ಹಿಡಿಯಿತು. ಇಷ್ಟಾದರೂ, ಕನ್ನಡದ ಒತ್ತಕ್ಷರಗಳು ಪಿಡಿಎಫ್ ಕಡತದಿಂದ ಮಾತಾಗಿ ಹೊರಬರುವಾಗ ಕೆಲವೊಮ್ಮೆ ಹಿಂದುಮುಂದಾಗುತ್ತಿದ್ದವು. ಆದ್ದರಿಂದ ಮೇಷ್ಟರು ಎರಡು ಕಡತಗಳನ್ನು ಸಿದ್ಧಪಡಿಸಿದರು: ನೋಡುವವರಿಗೆ ಪಿಡಿಎಫ್, ಕೇಳುವವರಿಗೆ ಯೂನಿಕೋಡಿನ ಬರಿಯ ಬರಹ. ಎರಡನ್ನೂ ಎಲ್ಲ ಶಿಷ್ಯರಿಗೂ ಮತ್ತೊಮ್ಮೆ ಕಳುಹಿಸಿದರು.

ಇಂದು ಜಾಲದರ್ಶಕಗಳೂ ಹಲವು ಕೈಫೋನುಗಳೂ ಪಿಡಿಎಫ್ ಕಡತವನ್ನು ತಾವೇ ತೆರೆಯುತ್ತವೆ. ರಾಜ್ಯದ ಪಠ್ಯಪುಸ್ತಕಗಳೂ ಆ ರೂಪದಲ್ಲಿ ದೊರೆಯುತ್ತವೆ. ನಡುವೆ ಒಬ್ಬ ದುಭಾಷಿ ಇದ್ದಾನೆಂಬುದೇ ಬಹುಮಂದಿಗೆ ಮರೆತುಹೋಗಿದೆ. ಆದರೆ ಪುಟವನ್ನು ಸಿದ್ಧಪಡಿಸುವವರ ಹೊಣೆ ಕಡಿಮೆಯಾಗಿಲ್ಲ. ತಮ್ಮ ಕಣ್ಣಿಗೆ ಕಂಡಿತೆಂದು ತೃಪ್ತರಾಗುವವರು ಅರ್ಧ ಕೆಲಸವನ್ನು ಮಾತ್ರ ಮಾಡಿದವರು.

ಕಡತಗಳು ಹೋದ ನಾಲ್ಕನೆಯ ದಿನ ಮೈಸೂರಿನಿಂದ ಮತ್ತೆ ಕರೆ ಬಂದಿತು.

“ಸರ್, ರಾತ್ರಿಯೆಲ್ಲ ಕೇಳಿದೆ. ಗೊರಬು ಬಂತು, ಕೊಟ್ಟೆ ಬಂತು, ಚೊಗರು ಬಂತು. ಯಂತ್ರದ ಉಚ್ಚಾರ ಅಪ್ಪನ ಹಾಗಿಲ್ಲ. ಆದರೂ ಮಾತು ಅವರದೇ.” ಸ್ವಲ್ಪ ತಡೆದು ಅವನು ಮುಂದುವರಿಸಿದ: “ಒಂದು ಮಾತು ಬಿಟ್ಟುಹೋಗಿದೆ, ಸರ್. ತಳೆ. ಮರ ಹತ್ತುವಾಗ ಅಪ್ಪ ಎರಡು ಪಾದಗಳಿಗೂ ಸೇರಿಸಿ ಹಾಕಿಕೊಳ್ಳುತ್ತಿದ್ದ ಹಗ್ಗದ ಬಳೆ. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ನೋಡುತ್ತಿದ್ದೆ. ನಿಮ್ಮ ಪಟ್ಟಿಯಲ್ಲಿ ಅದನ್ನು ಹುಡುಕಿದೆ, ಇಲ್ಲ.”

ಮೇಷ್ಟರು ಎಂದೂ ಮರವೇರಿದವರಲ್ಲ. ಅವರು ಪಕ್ಕದಲ್ಲಿದ್ದ ಕನ್ನಡಕವನ್ನು ಹಾಕಿಕೊಂಡು, ಕಡತವನ್ನು ತೆರೆದು, ಶಿಷ್ಯನು ಹೇಳಿದಂತೆಯೇ ಬರೆದುಕೊಂಡರು. ಅದು 1,601ನೆಯ ಪದವಾಯಿತು.