ಒಂದು ಮಾರು ಆಕಾಶ

ಮಗನಿಗೆ ಮನೀಲಾ ಪಟ್ಟಣದಲ್ಲಿ ಉದ್ಯೋಗವಾದ ಕಾರಣ, ಕಳೆದ ಮಾಘಮಾಸದಲ್ಲಿ ನಾನೂ ನಮ್ಮ ಮನೆಯವರೂ ಫಿಲಿಪ್ಪೀನ್ ದ್ವೀಪಗಳಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆವು. ಅಲ್ಲಿಯ ಅಂಗಡಿಬೀದಿಗಳ ವರ್ಣನೆಯನ್ನು ವಾಚಕರು ಬೇರೆಯವರಿಂದ ಬೇಕಾದಷ್ಟು ಕೇಳಿರಬಹುದು. ನಾನು ಹೇಳಹೊರಟಿರುವುದು ಒಂದು ಸೆರೆಮನೆಯ ವಿಚಾರ, ಮತ್ತು ಅದರೊಳಗಿದ್ದ ಒಬ್ಬ ಕವಿಯ ವಿಚಾರ.

ಮನೀಲಾಕ್ಕೆ ಹೋದವರು ಮೊದಲು ನೋಡುವುದು ಲುನೇಟಾ ಉದ್ಯಾನದಲ್ಲಿರುವ ಹೋಸೆ ರಿಸಾಲನ ಸ್ಮಾರಕವನ್ನು. ಸ್ಪೇನಿನ ಸರ್ಕಾರವು 1896ನೆಯ ಇಸವಿ ಡಿಸೆಂಬರ್ 30ರಂದು ಆ ಮಹನೀಯನನ್ನು ಅಲ್ಲಿಯೇ ಗುಂಡಿಕ್ಕಿ ಕೊಲ್ಲಿಸಿತು. ನಾವೂ ಕೈಮುಗಿದು ಬಂದೆವು. ಆದರೆ ರಿಸಾಲನು ಬರೆದುದು ಹೆಚ್ಚಾಗಿ ಸ್ಪ್ಯಾನಿಷ್ ಭಾಷೆಯಲ್ಲಿ. ನನಗೆ ಕುತೂಹಲವಿದ್ದುದು ಆ ಸೀಮೆಯ ತಾಯ್ನುಡಿಯಾದ ಟಗಾಲೋಗಿನ ಮೇಲೆ. ಅಲ್ಲಿ ಉಪಾಧ್ಯಾಯನಿಗೆ ‘ಗುರೋ’ ಎನ್ನುವರು, ಮೋರೆಗೆ ‘ಮುಖಾ’, ಆಸೆಗೆ ‘ಆಸಾ’, ದರಿದ್ರನಿಗೆ ‘ದುಖಾ’. ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ, ಕಡಲಾಚೆಯ ಊರಿನಲ್ಲಿ ಹಳೆಯ ಶಿಷ್ಯರು ಎದುರಾಗಿ ನಮಸ್ಕಾರವೆಂದಂತಾಯಿತು.

ಆ ಭಾಷೆಯ ಕವಿಗಳಲ್ಲಿ ಯಾರನ್ನು ಓದಬೇಕೆಂದು ಕೇಳಿದಾಗ ಮಗನ ಸ್ನೇಹಿತರೊಬ್ಬರು ತಂದುಕೊಟ್ಟುದು ಅಮಾದೋ ಹೆರ್ನಾಂದೆಸನ ಪುಸ್ತಕ. ಕುಳಿತು ಸಾಲುಸಾಲಾಗಿ ಅರ್ಥವನ್ನೂ ಹೇಳಿದರು. ಹುಟ್ಟಿದುದು 1903ರಲ್ಲಿ. ಬೆಳೆದುದು ಮನೀಲಾದ ತೊಂಡೊ ಎಂಬ ಬಡವರ ಕೇರಿಯಲ್ಲಿ. ಟಗಾಲೋಗಿನ ಹಳೆಯ ಪದ್ಯದಲ್ಲಿ ಪಾದವೊಂದಕ್ಕೆ ಹನ್ನೆರಡು ಅಕ್ಷರಗಳು, ಆರಕ್ಕೆ ಯತಿ, ನಾಲ್ಕು ಪಾದಗಳಿಗೂ ಪ್ರಾಸ. ನನ್ನಂಥವನಿಗೆ ಇದಕ್ಕಿಂತ ಪರಿಚಿತವಾದ ದಾರಿ ಮತ್ತಾವುದು! ಈತನು ಆ ಕಟ್ಟನ್ನು ಕೈಬಿಡದೆ ಅದರೊಳಗೆ ಕೂಲಿಯವರನ್ನೂ ಗೇಣಿದಾರರನ್ನೂ ತಂದು ಕೂರಿಸಿದನು.

ಮೊದಲು ಪತ್ರಿಕಾಸಂಪಾದಕ, ಜಪಾನೀಯರ ಆಕ್ರಮಣಕಾಲದಲ್ಲಿ ಗೆರಿಲ್ಲಾ ಪಡೆಗಳಿಗೆ ಗುಪ್ತವಾರ್ತೆ ಒದಗಿಸಿದವನು, ಯುದ್ಧವು ಮುಗಿದ ಮೇಲೆ ನಗರಸಭೆಯ ಸದಸ್ಯ. 1947ರಲ್ಲಿ ಕಾರ್ಮಿಕಸಂಘಗಳ ಮಹಾಸಂಘಕ್ಕೆ ಅಧ್ಯಕ್ಷನಾದನು. ಆಗ ಲುಜೋನ್ ದ್ವೀಪದಲ್ಲಿ ಹುಕ್ ಎಂಬ ರೈತರ ದಂಗೆ ನಡೆಯುತ್ತಿತ್ತು. ಕಾರ್ಮಿಕಸಂಘವೂ ಅದರ ಕೈಗೂಸೆಂದು ಬಗೆದು, ಸರ್ಕಾರವು 1951ನೆಯ ಜನವರಿಯಲ್ಲಿ ಹೆರ್ನಾಂದೆಸನನ್ನು ಹಿಡಿಯಿತು. ದಂಗೆಯ ಜೊತೆಗೆ ಕೊಲೆ, ಬೆಂಕಿಯಿಡುವುದು, ಕೊಳ್ಳೆ, ಇವೆಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಅವನ ತಲೆಯ ಮೇಲಿಟ್ಟರು. ಯಾವಜ್ಜೀವ ಸೆರೆಯೆಂದು ತೀರ್ಪಾಯಿತು.

ನಾನು ನೋಡಬೇಕೆಂದು ಹಠ ಹಿಡಿದ ಮುಂತಿನ್ಲುಪಾ ಸೆರೆಮನೆಯಲ್ಲಿ ಅವನು ಬಹುಕಾಲವಿದ್ದನು. ಅದು ಮನೀಲಾದಿಂದ ದಕ್ಷಿಣಕ್ಕೆ, ದೊಡ್ಡದೊಂದು ಸರೋವರದ ಸೀಮೆಯಲ್ಲಿದೆ. “ಅಪ್ಪಾ, ಎಲ್ಲರೂ ಸಮುದ್ರ ನೋಡಲು ಹೋದರೆ ನೀವು ಜೈಲು ನೋಡಬೇಕೆನ್ನುತ್ತೀರಲ್ಲ!” ಎಂದು ಮಗನು ನಕ್ಕನಾದರೂ ಕರೆದುಕೊಂಡು ಹೋದನು. ಒಳಕ್ಕೆ ಬಿಡುವವರಿಲ್ಲ, ಈಗಲೂ ಖೈದಿಗಳಿರುವ ಸ್ಥಳವದು. ಹೊರಗಿನಿಂದ ಮುಂಭಾಗವು ಕೋಟೆಯಂತೆ ಕಾಣುತ್ತದೆ. ದಾರಿಯ ಮಗ್ಗುಲಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿದೆವು.

ಇಲ್ಲಿ ಈತನು ಬಂದಿಗಳ ಪತ್ರಿಕೆಗೆ ಸಂಪಾದಕನಾಗಿದ್ದನು. ಪದ್ಯಗಳನ್ನು ಬರೆದನು, ‘ಸ್ವತಂತ್ರ ನಾಡು’ ಎಂಬರ್ಥದ ದೀರ್ಘಕಾವ್ಯವನ್ನು ಬರೆದನು. 1961ರಲ್ಲಿ ಅಚ್ಚಾದ ಸಂಕಲನದ ಹೆಸರು ‘ಇಸಾಂಗ್ ದಿಪಾಂಗ್ ಲಾಂಗಿತ್’. ಲಾಂಗಿತ್ ಎಂದರೆ ಆಕಾಶವೆಂದು ತಿಳಿದಿತ್ತು. ‘ದಿಪಾ’ ಎಂದರೇನೆಂದು ಡ್ರೈವರನ್ನು ಕೇಳಿಸಿದೆ. ಆತನು ಮಾತಾಡದೆ ಕೆಳಗಿಳಿದು ಎರಡು ಕೈಗಳನ್ನೂ ಅಗಲಕ್ಕೆ ಚಾಚಿ ನಿಂತನು.

“ಮಾರು!” ಎಂದರು ನಮ್ಮ ಮನೆಯವರು, ನನಗಿಂತ ಮೊದಲು. ಹೂವಾಡಗಿತ್ತಿ ಅಳೆದುಕೊಡುವ ಮಾರು. ಸೆರೆಯ ಕಿಂಡಿಯಲ್ಲಿ ಕಂಡ ಆಕಾಶವನ್ನು ಕವಿಯು ತನ್ನ ತೋಳುಗಳಿಂದಲೇ ಅಳೆದಿದ್ದನು.

ಕಾವ್ಯವು ರಾಜಕಾರಣದ ಅಂಗಳಕ್ಕೆ ಇಳಿಯಬಾರದೆಂದು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದುಂಟು. ಹೆರ್ನಾಂದೆಸನ ಕೆಲವು ಪದ್ಯಗಳು ವೇದಿಕೆಯ ಭಾಷಣಗಳೇ ಆಗಿವೆ. ಅವನ್ನು ಈಗಲೂ ನಾನು ಮೆಚ್ಚಲಾರೆ. ಆದರೆ ಮಮ್ಮಟನು ಕಾವ್ಯಪ್ರಯೋಜನಗಳಲ್ಲಿ ಅಮಂಗಲನಾಶವನ್ನೂ ಹೇಳಿ ಮಯೂರಕವಿಯನ್ನು ಹೆಸರಿಸಿದ್ದಾನೆ. ಮಯೂರನು ಸೂರ್ಯನನ್ನು ಸ್ತುತಿಸಿ ತನ್ನ ರೋಗವನ್ನು ಕಳೆದುಕೊಂಡನಂತೆ. ತನ್ನ ರೋಗ ಹೋಗಲೆಂದು ಬರೆದುದು ಕಾವ್ಯವಾದರೆ, ಊರಿನ ರೋಗ ಹೋಗಲೆಂದು ಬರೆದುದಕ್ಕೆ ಬಾಗಿಲು ಮುಚ್ಚಲು ನಾನಾರು? ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಕೂರಿಸುತ್ತಿದ್ದೆನೋ ಏನೋ.

“ಅದಿರಲಿ, ಅಷ್ಟು ವರ್ಷ ಆತನ ಹೆಂಡತಿಯ ಗತಿಯೇನಾಯಿತು? ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಲ್ಲವೆ?” ಎಂದು ನಮ್ಮ ಮನೆಯವರು ಕೇಳಿದರು. ಆಕೆಯ ಹೆಸರು ಆತಾಂಗ್ ದೆ ಲಾ ರಾಮಾ. ‘ಕುಂದಿಮಾನ್’ ಎಂಬ ವಿರಹಗೀತಗಳನ್ನು ಹಾಡುವುದರಲ್ಲಿ ಆಕೆಗೆ ಸಮರಿಲ್ಲ. ಫಿಲಿಪ್ಪೀನರೇ ತೆಗೆದ ಮೊತ್ತಮೊದಲ ಚಲನಚಿತ್ರದಲ್ಲಿ, 1919ರಲ್ಲಿ, ಆಕೆಯೇ ನಾಯಿಕೆ. 1932ರಲ್ಲಿ ಮದುವೆ. ವಿರಹದ ಹಾಡುಗಳಿಂದ ಹೆಸರಾದವಳಿಗೆ ಐದು ವರ್ಷಕ್ಕೂ ಮಿಕ್ಕಿದ ವಿರಹವು ನಿಜವಾಗಿಯೇ ಬಂದೊದಗಿತು.

1956ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಜಾಮೀನು ಕೊಟ್ಟಿತು. ದಂಗೆಯೆಂಬುದು ತಾನೇ ಒಂದು ಅಪರಾಧ. ಅದರ ಅಂಗವಾಗಿ ನಡೆದ ಕೊಲೆ ಕೊಳ್ಳೆಗಳನ್ನು ಅದಕ್ಕೆ ಹೆಣೆದು ಇನ್ನೂ ಘೋರವಾದ ಅಪರಾಧವೊಂದನ್ನು ಕಲ್ಪಿಸಲಾಗದೆಂದು ವಿಧಿಸಿತು. ಆ ದೇಶದ ವಕೀಲರು ಅದನ್ನು ಕವಿಯ ಹೆಸರಿನಿಂದಲೇ ಕರೆಯುತ್ತಾರೆ. 1990ರಲ್ಲಿಯೂ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ಪೂರ್ಣ ಬಿಡುಗಡೆಯಾದುದು 1964ರಲ್ಲಿ. 1970ರಲ್ಲಿ ಅವನು ತೀರಿಕೊಂಡನು. 1973ರಲ್ಲಿ ರಾಷ್ಟ್ರಕಲಾವಿದನೆಂಬ ಬಿರುದನ್ನು, ಹಿಂದೆ ದೇಶದ್ರೋಹಿಯೆಂದ ಸರ್ಕಾರವೇ, ಸತ್ತವನಿಗೆ ಕೊಟ್ಟಿತು. ಆತಾಂಗಳಿಗೆ 1987ರಲ್ಲಿ ಅದೇ ಬಿರುದು ಬಂದಿತು; ಆಕೆ ಬದುಕಿದ್ದು ಅದನ್ನು ಸ್ವೀಕರಿಸಿದಳು.

ಹಿಂದಿರುಗುವಾಗ ಸಂಜೆ. ಕಾರು ನಿಂತಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಸಂಪಗೀತಾ ಹೂವಿನ ಸರಗಳನ್ನು ಹಿಡಿದು ಬಂದಳು. ಅದು ನಮ್ಮ ದುಂಡುಮಲ್ಲಿಗೆಯೇ. ನಮ್ಮ ಮನೆಯವರು ಗಾಜು ಇಳಿಸಿ, ಒಂದು ಮಾರು ಬೇಕೆಂದು ಎರಡು ಕೈಗಳನ್ನೂ ಚಾಚಿ ತೋರಿಸಿದರು. ಮಗುವು ನಗುತ್ತ ತನ್ನಲ್ಲಿದ್ದ ಸರಗಳನ್ನೆಲ್ಲ ಅವರ ತೋಳಿಗೆ ಹಾಕಿಬಿಟ್ಟಿತು.