ಮಾಟುಂಗದ ಗಚ್ಚಿಯ ಮೇಲೆ

ಮುಂಬಯಿಯಲ್ಲಿ ಕನ್ನಡದ ಕಂಪನ್ನು ಹುಡುಕಿ ಹೊರಟವರು ಮಾಟುಂಗಕ್ಕೆ ಬಾರದೆ ಇರಲಾರರು. ಮಧ್ಯ ರೈಲ್ವೆಯ ನಿಲ್ದಾಣದಿಂದ ಹೊರಬಿದ್ದರೆ ಸಾಕು, ಮಲ್ಲಿಗೆ ದಂಡೆ, ಬಾಳೆಲೆ, ಕಾಫಿಪುಡಿಯ ಘಮ. 1942ರಲ್ಲಿ ಆರಂಭವಾದ ರಾಮಾ ನಾಯಕರ ಉಡುಪಿ ಬೋರ್ಡಿಂಗ್ ಇಲ್ಲಿದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ನೆಲೆಯೂ ಇಲ್ಲೇ.

ಇಲ್ಲಿಯ ಒಂದು ಕಟ್ಟಡದ ಗಚ್ಚಿಯ ಮೇಲೆ ನವೆಂಬರಿನಲ್ಲಿ ನಾಲ್ಕಾರು ಕನ್ನಡ ಮನೆಗಳು ಸೇರಿ ರಾಜ್ಯೋತ್ಸವ ಆಚರಿಸುವುದುಂಟು. ಮೈಸೂರಿನ ಅತ್ತೆ, ಧಾರವಾಡದ ಅಜ್ಜ, ತುಳು ಮಾತಾಡುವ ಮಂಗಳೂರಿನ ದಂಪತಿಗಳು, ತಮ್ಮೊಳಗೆ ಹಿಂದಿಯಲ್ಲೇ ಹರಟುವ ಮಕ್ಕಳು—ಇದು ಸಭೆ. ಹಾಡು ಹಾಕುವವನು ಕಾಲೇಜಿಗೆ ಹೋಗುವ ಹುಡುಗ, ಸಂಬಳವಿಲ್ಲದ ಡಿ.ಜೆ.

ಗ್ರಾಮಫೋನಿನ ಕಾಲದಲ್ಲಿ ಈ ಕೆಲಸ ಒಂದು ರೀತಿಯಲ್ಲಿ ಸುಲಭವಾಗಿತ್ತೆನ್ನಬೇಕು. 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮಗುಚುವಷ್ಟರಲ್ಲಿ ಜನರ ಮುಖ ನೋಡಲು ಬಿಡುವು ಸಿಗುತ್ತಿತ್ತು. ಈಗ ಫೋನಿನೊಳಗೆ ಸಾವಿರಾರು ಹಾಡುಗಳಿವೆ. ಆರಿಸುವ ಕಷ್ಟ ಮಾತ್ರ ಹೆಚ್ಚಿದೆ.

ಹುಡುಗನ ಕ್ರಮ ನೋಡಿ. ಜನ ಬಂದು ತಿಂಡಿ ತಿನ್ನುವಾಗ, 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಭಾವಗೀತೆಗಳು, ಮಾತಿಗೆ ಅಡ್ಡಿಯಾಗದಷ್ಟು ಮೆಲ್ಲಗೆ. ಆಮೇಲೆ ಭೀಮಸೇನ ಜೋಶಿಯವರ ದಾಸರ ಪದ, ಅಜ್ಜ ತಲೆದೂಗುತ್ತಾರೆ. ಬಳಿಕ 1993ರ ‘ಆಕಸ್ಮಿಕ’ದಲ್ಲಿ ರಾಜಕುಮಾರರು ಹಾಡಿದ್ದು, ಕುರ್ಚಿಗಳು ಹಿಂದೆ ಸರಿಯುತ್ತವೆ. ನಿಮಿಷಕ್ಕೆ 120 ಪೆಟ್ಟಿನ ಆಸುಪಾಸಿನ ಲಯ ಕುಣಿತಕ್ಕೆ ಒಗ್ಗುತ್ತದೆ, ನಿಜ. ಆದರೆ ದಾಸರ ಪದದಿಂದ ಒಮ್ಮೆಗೇ ಅಲ್ಲಿಗೆ ಹಾರಿದರೆ ಹಿರಿಯರು ಚಪ್ಪಲಿ ಹುಡುಕುತ್ತಾರೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

“ಏನೋ ತಮ್ಮಾ, ಬರೇ ಧಡಧಡ ಹಚ್ಚೀಯಲ್ಲೋ?” ಎಂದು ಅಜ್ಜ ಕೇಳಿದರೆ, “ಇದೊಂದು ಮುಗೀಲಿ ಅಜ್ಜಾ, ಮುಂದಿನದು ನಿಮ್ಮದು” ಎನ್ನುತ್ತಾನೆ. ಮಾತನ್ನು ಉಳಿಸಿಕೊಳ್ಳುತ್ತಾನೆ ಕೂಡ.

ಮಕ್ಕಳನ್ನು ಹಿಡಿಯುವ ಉಪಾಯ ಬೇರೆ. 2006ರ ‘ಮುಂಗಾರು ಮಳೆ’ಯ ಹಾಡು ಬಂದೊಡನೆ ಅವರ ಕಿವಿ ನೆಟ್ಟಗಾಗುತ್ತದೆ. ದನಿ ಅವರಿಗೆ ಹಿಂದಿಯಿಂದ ಪರಿಚಿತವಾದ ಸೋನು ನಿಗಮರದು. ಪದಗಳು ಮುಂಬಯಿಯಲ್ಲಿ ಬಹುಕಾಲ ಬಾಳಿದ ಜಯಂತ ಕಾಯ್ಕಿಣಿಯವರವು. ಗುರುತಿನ ದನಿ ಕೈಹಿಡಿದು ಗುರುತಿಲ್ಲದ ಮಾತಿನ ಬಳಿಗೆ ಕರೆದೊಯ್ಯುತ್ತದೆ. “ಇದರ ಅರ್ಥ ಏನು ಅಜ್ಜಿ?” ಎಂದು ಒಂದು ಮಗುವಾದರೂ ಕೇಳಿತೆಂದರೆ, ಭಾಷಣದಿಂದಾಗದ್ದು ಹಾಡಿನಿಂದ ಆಯಿತೆಂದೇ ತಿಳಿಯಬೇಕು. ಪರಸ್ಥಳದ ನಮ್ಮ ಮನೆಗಳಲ್ಲಿ ಕನ್ನಡ ಉಳಿಯುವುದು ಇಂಥ ಪ್ರಶ್ನೆಗಳಿಂದಲೇ ಅಲ್ಲವೆ?

ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವೆಂದು 2000ದ ನಿಯಮ. ಆದ್ದರಿಂದ ಕೊನೆಯ ಹಾಡನ್ನು ಹುಡುಗ ಮೊದಲೇ ಗೊತ್ತುಮಾಡಿರುತ್ತಾನೆ: ಎಲ್ಲರಿಗೂ ಬಾಯಿಗೆ ಬರುವಂಥದು. ಅದು ನಡೆಯುತ್ತಿರುವಾಗ ಯಂತ್ರದ ದನಿಯನ್ನು ಮೆಲ್ಲಮೆಲ್ಲನೆ ಇಳಿಸುತ್ತಾನೆ. ಆಗ ಕೇಳಿಸುವುದು ಜನರ ದನಿ ಮಾತ್ರ.

ನಿಮ್ಮ ಊರಿನ ಸಂಘದಲ್ಲೂ ಹಾಡು ಆರಿಸಬಲ್ಲ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರಬೇಕು. ಮುಂದಿನ ಸಮಾರಂಭಕ್ಕೆ ಒಂದು ಭಾಷಣ ಕಡಿಮೆ ಮಾಡಿ, ಆ ಹೊತ್ತನ್ನು ಅವರಿಗೆ ಕೊಟ್ಟು ನೋಡಿ.