ಆರು ತಿಂಗಳಿಗೊಂದು ಸ್ಕ್ಯಾನ್

ದೊಡ್ಡಬಳ್ಳಾಪುರ, ಹೊಸಕೋಟೆಯ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ. ಸ್ಕ್ಯಾನ್ ಎಂದರೆ ಬಸುರಿಯರಿಗೆ ಎಂದೇ ನಮ್ಮ ಲೆಕ್ಕ. ಆದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಸಿರೋಸಿಸ್ ಇರುವವರಿಗೂ ಆರು ತಿಂಗಳಿಗೊಮ್ಮೆ ಅದೇ ಯಂತ್ರ ಬೇಕು, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ. ಲಿವರ್ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಸಿರೋಸಿಸ್ ಆದ ಲಿವರಿನಲ್ಲೇ. ಗಡ್ಡೆ ಚಿಕ್ಕದಿರುವಾಗ ನೋವಿರುವುದಿಲ್ಲ, ಗುಣಪಡಿಸಲು ಆಗುವುದೂ ಆಗಲೇ. ಕುಡಿತದಿಂದ ಸಿರೋಸಿಸ್ ಆದವರು ಕುಡಿತ ಬಿಟ್ಟರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. (ಕುಡಿಯದವರಿಗೂ ಹೆಪಟೈಟಿಸ್ ಬಿ, ಸಿ, ಕೊಬ್ಬಿನ ಲಿವರಿನಿಂದ ಸಿರೋಸಿಸ್ ಬರುತ್ತದೆ.)

ಈ ತಪಾಸಣೆಯಿಂದ ಜೀವ ಉಳಿಯುವುದಕ್ಕೆ ಪುರಾವೆ ಏನು ಎಂದು ಕೇಳಬಹುದು. 2004ರಲ್ಲಿ ಪ್ರಕಟವಾದ ಶಾಂಘೈ ಪ್ರಯೋಗದಲ್ಲಿ ಸುಮಾರು 19 ಸಾವಿರ ಜನರಿದ್ದರು; ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 37 ಕಡಿಮೆ. ಅವರು ಹೆಪಟೈಟಿಸ್ ಬಿ ಹಿನ್ನೆಲೆಯವರು, ಎಲ್ಲರಿಗೂ ಸಿರೋಸಿಸ್ ಇರಲಿಲ್ಲ ಎಂಬ ತಕರಾರು ನ್ಯಾಯವೇ. ಸ್ಕ್ಯಾನ್ ಒಂದೇ ಆದರೆ ಆರಂಭದ ಗಡ್ಡೆಗಳಲ್ಲಿ ಅರ್ಧದಷ್ಟು ತಪ್ಪಿಹೋಗುತ್ತವೆ ಎಂಬುದೂ ನಿಜ. ಎಎಫ್‌ಪಿ ಸೇರಿದರೆ ಸುಮಾರು ಶೇ. 63 ಸಿಗುತ್ತವೆ. ಹಾಗೆಂದು ಏನೂ ಮಾಡದಿದ್ದರೆ ಸಿಗುವುದೆಷ್ಟು? ಸ್ಕ್ಯಾನಿಗೆಂದು ಮಗ್ಗದ ಕೂಲಿ ಒಂದು ದಿನ ತಪ್ಪುವುದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಬಸುರಿಗೆ ತಾಯಿ ಕಾರ್ಡ್ ಇದೆ, ನೆನಪಿಸಲು ಆಶಾ ಕಾರ್ಯಕರ್ತೆ ಇದ್ದಾರೆ. ಸಿರೋಸಿಸ್ ರೋಗಿಗೂ ಮುಂದಿನ ತಾರೀಖು ಬರೆದ ಅಂಥದೊಂದು ಕಾರ್ಡ್ ಕೊಡಲು ಹೊಸ ಯಂತ್ರವೇನೂ ಬೇಕಿಲ್ಲ.